ಪಿತ್ತಕೋಶದ ಆಪರೇಷನ್‌ನಲ್ಲಿ ಪಿತ್ತನಾಳ ತುಂಡಾಗಿದೆ: ಇದು ನಿರ್ಲಕ್ಷ್ಯವೇ? ದೂರು ಎಲ್ಲಿ ಕೊಡಬೇಕು?

ಹೊಳೆಸಾಲು (ಪ್ರಶ್ನೆ)

ಹತ್ತಿರದ ಸಂಬಂಧಿಯೊಬ್ಬರ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 46, ಮನೆಯಲ್ಲೇ ಬಟ್ಟೆ ಹೊಲಿದು ಸಂಪಾದಿಸುವ ಹೆಂಗಸು. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಕರ್ನಾಟಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಪ್ರೊಸ್ಕೋಪಿ ಮಾಡಿ ಪಿತ್ತಕೋಶ ತೆಗೆದರು. ಎರಡನೇ ದಿನವೇ ಡಿಸ್ಚಾರ್ಜ್. ಹೊರಡುವಾಗಲೇ ಹೊಟ್ಟೆ ಉಬ್ಬರ, ವಾಂತಿ ಇತ್ತು; “ಗ್ಯಾಸ್ ತುಂಬಿರುತ್ತೆ, ಸರಿಹೋಗುತ್ತೆ” ಅಂದರು. ಮೂರನೇ ದಿನ ಜ್ವರ ಬಂತು ಅಂತ ಕರೆದುಕೊಂಡು ಹೋದರೆ ಡ್ಯೂಟಿ ಡಾಕ್ಟರ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ರಕ್ತ ಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಏಳನೇ ದಿನ ಕಣ್ಣು ಹಳದಿಯಾಯಿತು. ಬೇರೆ ಆಸ್ಪತ್ರೆಯಲ್ಲಿ ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್) ಮಾಡಿದಾಗ, ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಹಾಕಿ ಕತ್ತರಿಸಿದ್ದಾರೆ, ಮೇಲಿನ ತುದಿಯಿಂದ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತಿದೆ ಎಂದು ಗೊತ್ತಾಯಿತು. ಪೈಪ್ ಹಾಕಿ ಸೋಂಕು ಇಳಿಸಿ, ಎರಡೂವರೆ ತಿಂಗಳ ನಂತರ ನಾಳವನ್ನು ಕರುಳಿಗೆ ಜೋಡಿಸುವ ದೊಡ್ಡ ಆಪರೇಷನ್ ಆಯಿತು.

ಮೊದಲ ಆಸ್ಪತ್ರೆಯ ಬಿಲ್ ₹85,000. ಎರಡನೆಯದು ₹7 ಲಕ್ಷ ದಾಟಿದೆ. ಮೊದಲ ಆಪರೇಷನ್ ಆಗಿ ಈಗ 14 ತಿಂಗಳು. ಅಲ್ಲಿಂದ ನಮ್ಮ ಕೈಗೆ ಸಿಕ್ಕಿರುವುದು ಒಂದೂವರೆ ಪುಟದ ಡಿಸ್ಚಾರ್ಜ್ ಸಮ್ಮರಿ ಮಾತ್ರ. ಕೇಳಿದರೆ “ಇದು ಗೊತ್ತಿರುವ ಕಾಂಪ್ಲಿಕೇಷನ್, ನೀವೇ ಕನ್ಸೆಂಟ್‌ಗೆ ಸಹಿ ಹಾಕಿದ್ದೀರಿ” ಅನ್ನುತ್ತಾರೆ.

ಕೇಳಬೇಕಾದದ್ದು: ಕಾಂಪ್ಲಿಕೇಷನ್ ಅಂದಮೇಲೆ ಕೇಸ್ ಇಲ್ಲವೇ? ಫೈಲ್ ಪೂರ್ತಿ ಪಡೆಯುವುದು ಹೇಗೆ? ಪೊಲೀಸ್, ಮೆಡಿಕಲ್ ಕೌನ್ಸಿಲ್, ಗ್ರಾಹಕರ ಆಯೋಗ, ಇವುಗಳಲ್ಲಿ ಯಾವುದು ಮೊದಲು?

---

ಶಸ್ತ್ರವಿಭಾಗ (ಉತ್ತರ)

ವೈದ್ಯಕೀಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ, ಉಳಿದದ್ದನ್ನು ಕಾನೂನು ಬಲ್ಲವರು ಹೇಳಲಿ.

ಪಿತ್ತನಾಳಕ್ಕೆ ಪೆಟ್ಟಾಗುವುದು ಈ ಆಪರೇಷನ್ನಿನ ಗೊತ್ತಿರುವ ಅಪಾಯವೇ. ನುರಿತ ಕೈಗಳಲ್ಲೂ ಆಗಿದೆ. ಹಾಗಾಗಿ “ನಾಳ ತುಂಡಾಗಿದೆ, ಆದ್ದರಿಂದ ನಿರ್ಲಕ್ಷ್ಯ” ಎಂಬ ಒಂದೇ ಸಾಲಿನ ವಾದ ನಿಲ್ಲುವುದಿಲ್ಲ. “ಕಾಂಪ್ಲಿಕೇಷನ್, ಆದ್ದರಿಂದ ಯಾರೂ ಹೊಣೆಯಲ್ಲ” ಎಂಬ ಆಸ್ಪತ್ರೆಯ ಮಾತೂ ಅಷ್ಟೇ ಪೊಳ್ಳು. ಆಪರೇಷನ್ ಹೇಗೆ ನಡೆಯಿತು, ಆಮೇಲೆ ರೋಗಿಯನ್ನು ಹೇಗೆ ನೋಡಿಕೊಂಡರು, ಇವೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಮೊದಲು ಆಪರೇಷನ್. ಪಿತ್ತಕೋಶದಿಂದ ಹೊರಡುವ ಸಣ್ಣ ನಾಳ ಬೇರೆ, ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ನಾಳ ಬೇರೆ. ಊತ ಇದ್ದಾಗ ಎರಡೂ ಒಂದಕ್ಕೊಂದು ಅಂಟಿಕೊಂಡು, ಮುಖ್ಯ ನಾಳವೇ ಸಣ್ಣ ನಾಳದಂತೆ ಕಾಣುತ್ತದೆ. ಇಂಥ ಪೆಟ್ಟುಗಳಲ್ಲಿ ಬಹುಪಾಲಿಗೆ ಮೂಲ ಈ ಗುರುತಿನ ತಪ್ಪು. ಅದನ್ನು ತಡೆಯಲೆಂದೇ “ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ” ಎಂಬ ಕ್ರಮ 1995ರಿಂದ ಬಳಕೆಯಲ್ಲಿದೆ: ಈ ಎರಡು ನಾಳಗಳು ಮತ್ತು ಯಕೃತ್ತಿನ ನಡುವಿನ ತ್ರಿಕೋನ ಜಾಗದ (ಕ್ಯಾಲೋ ತ್ರಿಕೋನ) ಕೊಬ್ಬು, ನಾರು ಎಲ್ಲ ಬಿಡಿಸಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗವನ್ನು ಯಕೃತ್ತಿನಿಂದ ಎಬ್ಬಿಸಬೇಕು, ಪಿತ್ತಕೋಶದ ಒಳಕ್ಕೆ ಎರಡೇ ಎರಡು ರಚನೆಗಳು ಹೋಗುತ್ತಿರುವುದು ಕಣ್ಣಿಗೆ ಕಾಣಬೇಕು. ಆಮೇಲಷ್ಟೇ ಕ್ಲಿಪ್. ಈ ನೋಟ ಸಿಗದಿದ್ದರೆ ನಿಲ್ಲಿಸಿ ಬೇರೆ ದಾರಿ ಹಿಡಿಯಬೇಕು: ನಾಳದ ಎಕ್ಸ್‌ರೇ, ಪಿತ್ತಕೋಶವನ್ನು ಭಾಗಶಃ ಮಾತ್ರ ತೆಗೆಯುವುದು, ಹೊಟ್ಟೆ ತೆರೆಯುವುದು, ಅಥವಾ ಇನ್ನೊಬ್ಬ ಸರ್ಜನ್ನರನ್ನು ಕರೆಸುವುದು. ಓಟಿ ನೋಟ್ಸ್‌ನಲ್ಲಿ (ಆಪರೇಷನ್ ಹೇಗೆ ಮಾಡಿದರೆಂದು ಸರ್ಜನ್ ಬರೆದಿಡುವ ಟಿಪ್ಪಣಿ) ಇದರಲ್ಲಿ ಯಾವುದಾದರೂ ಬರೆದಿದೆಯೇ ನೋಡಿ. “ಕ್ಯಾಲೋ ತ್ರಿಕೋನ ಬಿಡಿಸಲಾಯಿತು, ಕ್ಲಿಪ್ ಹಾಕಲಾಯಿತು” ಎಂಬ ಅಚ್ಚಿನ ಎರಡು ಸಾಲು ಮಾತ್ರ ಇದ್ದರೆ ಅದೂ ಒಂದು ಸಾಕ್ಷ್ಯವೇ. ಲ್ಯಾಪ್ರೊಸ್ಕೋಪಿಯ ವಿಡಿಯೊ ರೆಕಾರ್ಡ್ ಆಗಿದ್ದರೆ ಅದಕ್ಕಿಂತ ದೊಡ್ಡ ದಾಖಲೆ ಇನ್ನೊಂದಿಲ್ಲ, ತಪ್ಪದೆ ಕೇಳಿ.

ನಂತರದ ಆರೈಕೆ. ನನ್ನ ಪ್ರಕಾರ ನಿಮ್ಮ ಕೇಸಿನ ಜೀವ ಇರುವುದು ಇಲ್ಲೇ. ಈ ಆಪರೇಷನ್ ಆದವರು ದಿನದಿಂದ ದಿನಕ್ಕೆ ಚೇತರಿಸಿಕೊಳ್ಳಬೇಕು. ಎರಡನೇ ದಿನ ಮೊದಲ ದಿನಕ್ಕಿಂತ ಕೆಟ್ಟಿದ್ದಾರೆ ಎಂದರೆ, ಬೇರೆ ಕಾರಣ ಸಾಬೀತಾಗುವವರೆಗೂ ಪಿತ್ತ ಸೋರಿಕೆ ಎಂದೇ ಅನುಮಾನಿಸಬೇಕು. ಹೊಟ್ಟೆಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ಬೇಗ ಹೀರಿಹೋಗುತ್ತದೆ. ಮೂರನೇ ದಿನದ ಉಬ್ಬರ, ಜ್ವರಕ್ಕೆ ಅದು ಕಾರಣವಾಗದು. ಆಗ ಮಾಡಬೇಕಾದದ್ದು ದುಬಾರಿಯ ಕೆಲಸವೂ ಅಲ್ಲ: ಲಿವರ್ ಫಂಕ್ಷನ್ ಟೆಸ್ಟ್, ರಕ್ತದ ಕೌಂಟ್, ಒಂದು ಅಲ್ಟ್ರಾಸೌಂಡ್. ನಾಡಿ, ಜ್ವರ, ವಾಂತಿ ಬರೆದಿರುವ ಚಾರ್ಟ್ ಡಿಸ್ಚಾರ್ಜ್ ದಿನ ಏನು ಹೇಳುತ್ತದೆ? ನಾಡಿ 110 ಇದ್ದೂ ಸಮ್ಮರಿಯಲ್ಲಿ “ಸ್ಥಿತಿ ಸ್ಥಿರ” ಎಂದಿದ್ದರೆ ಉತ್ತರ ಹೇಳುವುದು ಆಸ್ಪತ್ರೆಗೆ ಕಷ್ಟ.

ಇನ್ನೊಂದು ಮಾತು, ಇದು ನಿಮಗೆ ಹಿತವಾಗಿರಲಿಕ್ಕಿಲ್ಲ. ಎದುರಿನ ವಕೀಲರು “ಅಂದೇ ಗೊತ್ತಾಗಿದ್ದರೂ ನಾಳ ಜೋಡಿಸುವ ಆಪರೇಷನ್ ಬೇಕೇ ಇತ್ತು, ತಡವಾಗಿದ್ದರಿಂದ ಹೆಚ್ಚೇನೂ ಹಾನಿಯಾಗಿಲ್ಲ” ಎನ್ನುತ್ತಾರೆ. ಇದಕ್ಕೆ ತಜ್ಞರ ಅಭಿಪ್ರಾಯದಲ್ಲೇ ಉತ್ತರ ಇರಬೇಕು: ಪೆಟ್ಟಿನಿಂದಾದ ಹಾನಿ ಯಾವುದು, ಐದು ದಿನ ಪಿತ್ತರಸ ಹೊಟ್ಟೆಯಲ್ಲಿ ನಿಂತಿದ್ದರಿಂದಾದ ಹಾನಿ ಯಾವುದು (ಸೋಂಕು, ಪೈಪ್, ಐಸಿಯು, ರಿಪೇರಿ ಎರಡೂವರೆ ತಿಂಗಳು ಮುಂದಕ್ಕೆ ಹೋದದ್ದು), ಎರಡನ್ನೂ ಬಿಡಿಸಿ ಬರೆಸಿ. ಅಭಿಪ್ರಾಯ ಕೊಡುವವರು ಯಕೃತ್ತು, ಪಿತ್ತನಾಳದ ಸರ್ಜರಿ ಮಾಡುವವರೇ ಆಗಿರಲಿ.

---

ಕಡತಕೋಣೆ (ಉತ್ತರ)

ಫೈಲ್ ಬಗ್ಗೆ ಹೇಳುತ್ತೇನೆ. ಬೇರೆ ಯಾವ ಕೆಲಸಕ್ಕೂ ಮುಂಚೆ ಇದು ಆಗಬೇಕು. ಲಾಯರ್ ನೋಟಿಸ್ ಹೋದ ಮೇಲೆ ಆಸ್ಪತ್ರೆಯವರು ಎಚ್ಚೆತ್ತುಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಸಿಗುವ ಪ್ರತಿಯೇ ಶುದ್ಧ ಪ್ರತಿ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿ ಈಗಲೂ ಜಾರಿಯಲ್ಲಿದೆ. 2023ರಲ್ಲಿ ಬಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದು ಹಳೆಯದನ್ನೇ ಮುಂದುವರಿಸಿದರು. ಅದರ 1.3.1ರ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. 1.3.2ರ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ, ಕೇಳಿದ್ದಕ್ಕೆ ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ 7.2ರ ಪ್ರಕಾರ ಅದೇ ಒಂದು ವೃತ್ತಿ ದುರ್ನಡತೆ. ಪತ್ರದಲ್ಲಿ ಈ ಮೂರೂ ಸಂಖ್ಯೆಗಳನ್ನು ಬರೆಯಿರಿ. ಸಂಖ್ಯೆ ಕಂಡರೆ ಕೌಂಟರಿನಲ್ಲಿ ಉತ್ತರದ ಧಾಟಿಯೇ ಬದಲಾಗುತ್ತದೆ.

ಪತ್ರ ರೋಗಿಯ ಹೆಸರಿನಲ್ಲೇ ಇರಲಿ, ಅವರೇ ಸಹಿ ಹಾಕಲಿ. ನೀವು ಹೋಗುವುದಾದರೆ ಅಧಿಕಾರ ಪತ್ರ, ಇಬ್ಬರ ಗುರುತಿನ ಚೀಟಿಯ ಪ್ರತಿ ಜೊತೆಗಿಡಿ. ಒಳರೋಗಿ ಸಂಖ್ಯೆ, ಸೇರಿದ ದಿನ, ಬಿಟ್ಟ ದಿನ ಬರೆಯಿರಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಅಂದೇ ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲೂ ಆಸ್ಪತ್ರೆಯ ಇಮೇಲಿಗೂ ಕಳಿಸಿ. 72 ಗಂಟೆಯ ಲೆಕ್ಕ ಅಲ್ಲಿಂದ ತೋರಿಸಬಹುದು. ಜೆರಾಕ್ಸ್ ಖರ್ಚು ಕೇಳಿದರೆ ಕೊಟ್ಟು ರಸೀದಿ ಪಡೆಯಿರಿ.

“ಎಲ್ಲ ದಾಖಲೆ ಕೊಡಿ” ಅಂದರೆ ಸಮ್ಮರಿಯ ಇನ್ನೊಂದು ಪ್ರತಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹೆಸರು ಹಿಡಿದು ಕೇಳಿ: ದಾಖಲಾತಿ ಹಾಳೆ, ಆಪರೇಷನ್ನಿಗೆ ಮುಂಚಿನ ತಪಾಸಣೆ, ಕನ್ಸೆಂಟ್ ಫಾರಂ, ಅರಿವಳಿಕೆ ಚಾರ್ಟ್, ಓಟಿ ನೋಟ್ಸ್, ಸರ್ಜಿಕಲ್ ಸೇಫ್ಟಿ ಚೆಕ್‌ಲಿಸ್ಟ್, ಓಟಿ ರಿಜಿಸ್ಟರಿನ ಆ ಪುಟ, ಡಾಕ್ಟರರ ದಿನದಿನದ ನೋಟ್ಸ್, ನರ್ಸಿಂಗ್ ನೋಟ್ಸ್, ನಾಡಿ-ಜ್ವರ-ಬಿಪಿ ಚಾರ್ಟ್, ಔಷಧಿ ಚಾರ್ಟ್, ಡ್ರೈನ್ ಇದ್ದಿದ್ದರೆ ಅದರ ಅಳತೆ, ಲ್ಯಾಬ್ ವರದಿ, ಪಿತ್ತಕೋಶದ ಬಯಾಪ್ಸಿ ವರದಿ, ವಿಡಿಯೊ, ವಿವರವಾದ ಬಿಲ್. ಮೂರನೇ ದಿನ ಹೋಗಿದ್ದ ಭೇಟಿಗೆ ತುರ್ತು ವಿಭಾಗದ ಚೀಟಿ, ಅಲ್ಲಿನ ರಿಜಿಸ್ಟರ್ ನಮೂದು ಪ್ರತ್ಯೇಕವಾಗಿ ಕೇಳಿ. ಇದನ್ನು ಬಹಳ ಜನ ಮರೆಯುತ್ತಾರೆ, ಒಳರೋಗಿ ಫೈಲಿನಲ್ಲಿ ಅದು ಇರುವುದಿಲ್ಲ.

ಫೈಲ್ ಬಂದ ಮೇಲೆ ನರ್ಸಿಂಗ್ ನೋಟ್ಸನ್ನು ಮೊದಲು ಓದಿ. ಡಾಕ್ಟರರ ಟಿಪ್ಪಣಿ ರೌಂಡ್ಸಿನ ಹೊತ್ತಿಗೆ ಎರಡು ಸಾಲು. ನರ್ಸ್ ಗಂಟೆಗಟ್ಟಲೆ ಪಕ್ಕದಲ್ಲಿದ್ದು ಬರೆದಿರುತ್ತಾರೆ. “ರಾತ್ರಿ 2.10, ರೋಗಿ ಹೊಟ್ಟೆನೋವು ಎಂದರು, ಡ್ಯೂಟಿ ಡಾಕ್ಟರರಿಗೆ ತಿಳಿಸಲಾಗಿದೆ” ಎಂಬ ಸಾಲಿದ್ದು, ಡಾಕ್ಟರರ ಹಾಳೆಯಲ್ಲಿ ಆ ರಾತ್ರಿ ಏನೂ ಇಲ್ಲದಿದ್ದರೆ ಆ ಖಾಲಿ ಜಾಗವನ್ನೇ ಗುರುತಿಸಿಕೊಳ್ಳಿ. ಒಂದೇ ಪೆನ್ನು, ಒಂದೇ ಕೈಬರಹದಲ್ಲಿ ಮೂರು ಪಾಳಿಯ ನೋಟ್ಸ್, ಮಧ್ಯೆ ತುರುಕಿದ ಸಾಲು, ಪುಟಸಂಖ್ಯೆ ತಪ್ಪಿರುವುದು, ಇವನ್ನೂ ಬರೆದಿಡಿ. ಆದರೆ ಆಸ್ಪತ್ರೆ ಕೊಟ್ಟ ಹಾಳೆಗಳ ಮೇಲೆ ಪೆನ್ನು ಆಡಿಸಬೇಡಿ. ನಿಮ್ಮ ಗುರುತುಗಳಿಗೆ ಬೇರೆ ಪ್ರತಿ ಮಾಡಿಸಿಕೊಳ್ಳಿ. ಫೋನಿನಲ್ಲಿರುವ ಕರೆ ವಿವರ, ವಾಟ್ಸಾಪ್ ಮೆಸೇಜ್ ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಇಟ್ಟುಕೊಳ್ಳಿ. ಅವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು.

ಎರಡನೇ ಆಸ್ಪತ್ರೆಯ ಫೈಲೂ ಪೂರ್ತಿ ಬೇಕು, ಎಂಆರ್‌ಸಿಪಿ ವರದಿ ಮಾತ್ರ ಸಾಲದು, ಚಿತ್ರಗಳ ಸಿಡಿಯೂ ಇರಲಿ. ಅಲ್ಲಿಗೆ ಬಂದಾಗ ಸ್ಥಿತಿ ಹೇಗಿತ್ತು ಎಂದು ಮೊದಲ ದಿನ ಬರೆದಿರುವುದು ಯಾರ ಪರವೂ ಇಲ್ಲದ ಸಾಕ್ಷಿ.

---

ಆಯೋಗದಂಗಳ (ಉತ್ತರ)

ನಿಮ್ಮ ಮುಖ್ಯ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಕಾರಣಗಳನ್ನು ಹೇಳುತ್ತೇನೆ.

ಮೊದಲು ಗಡುವು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 69ನೇ ಸೆಕ್ಷನ್ ಪ್ರಕಾರ ಎರಡು ವರ್ಷ. ನಿಮಗೆ 14 ತಿಂಗಳು ಕಳೆದಿದೆ. ಎರಡನೇ ಆಪರೇಷನ್ನಿನ ದಿನದಿಂದ ಎಣಿಸಬಹುದು ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಿ ಕೂರಬೇಡಿ. ಮೊದಲ ಆಪರೇಷನ್ನಿನ ದಿನದಿಂದಲೇ ಎಣಿಸಿ. ತಡವಾದರೆ ಕಾರಣ ತೋರಿಸಿ ಕ್ಷಮೆ ಕೇಳಲು ಅವಕಾಶವಿದೆ, ಆದರೆ ಅದು ಆಯೋಗದ ವಿವೇಚನೆಗೆ ಬಿಟ್ಟದ್ದು. ಹೊಟ್ಟೆಯಲ್ಲಿ ಗಾಜ್ ಬಟ್ಟೆ ಬಿಟ್ಟಿದ್ದ ಒಂದು ಪ್ರಕರಣದಲ್ಲಿ, ವರ್ಷಗಟ್ಟಲೆ ನೋವಿದ್ದರೂ ಹೋಗಿ ತೋರಿಸಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2010ರ ದಶಕದ ಆರಂಭದಲ್ಲಿ ದೂರನ್ನು ಕಾಲಬಾಧಿತ ಎಂದು ತಳ್ಳಿಹಾಕಿತು. ಅಂಥ ದೂರೂ ಬಿದ್ದುಹೋಯಿತು.

ಯಾವ ಆಯೋಗ ಎಂಬಲ್ಲಿ ಹಳೆಯ ಅಭ್ಯಾಸದಿಂದ ತಪ್ಪುಗಳಾಗುತ್ತವೆ. 1986ರ ಕಾಯ್ದೆಯಲ್ಲಿ ನೀವು ಕೇಳುವ ಪರಿಹಾರದ ಮೊತ್ತ ಲೆಕ್ಕಕ್ಕೆ ಬರುತ್ತಿತ್ತು. ಈಗ ಲೆಕ್ಕ ಸೇವೆಗೆ ಕೊಟ್ಟ ಹಣದ್ದು: ₹50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ ₹2 ಕೋಟಿವರೆಗೆ ರಾಜ್ಯ ಆಯೋಗ, ಮೇಲಿನದು ರಾಷ್ಟ್ರೀಯ ಆಯೋಗ. ನೀವು ಮೊದಲ ಆಸ್ಪತ್ರೆಗೆ ಕೊಟ್ಟದ್ದು ₹85,000. ಪರಿಹಾರ ₹40 ಲಕ್ಷ ಕೇಳಿದರೂ ಜಿಲ್ಲಾ ಆಯೋಗವೇ. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ರೋಗಿ ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಆಸ್ಪತ್ರೆಯ ಊರಿಗೆ ಅಲೆಯಬೇಕಿಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಆನ್‌ಲೈನಿನಲ್ಲೂ ಆಗುತ್ತದೆ. ಬಿಲ್ಲನ್ನು ಇನ್ಶೂರೆನ್ಸ್ ಕಂಪನಿ ಕಟ್ಟಿದ್ದರೂ ರೋಗಿ ಗ್ರಾಹಕರೇ, ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ಇದು ತೀರ್ಮಾನವಾಗಿದೆ.

ಎದುರುದಾರರಾಗಿ ಆಸ್ಪತ್ರೆಯನ್ನೂ ಸರ್ಜನ್ನರನ್ನೂ ಸೇರಿಸಿ. ಮೂರನೇ ದಿನದ ಡ್ಯೂಟಿ ಡಾಕ್ಟರರ ಹೆಸರು ಗೊತ್ತಿಲ್ಲದಿದ್ದರೆ ಚಿಂತೆ ಬೇಡ: ಚಿಕಿತ್ಸೆ ಕೊಟ್ಟ ಪ್ರತಿಯೊಬ್ಬ ಡಾಕ್ಟರನ್ನೂ ಹೆಸರಿಸಿಲ್ಲ ಎಂಬ ಕಾರಣಕ್ಕೆ ಆಸ್ಪತ್ರೆಯ ವಿರುದ್ಧದ ದೂರು ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸವಿತಾ ಗರ್ಗ್ ಪ್ರಕರಣದಲ್ಲಿ (2004) ಹೇಳಿದೆ. “ಅವರು ವಿಸಿಟಿಂಗ್ ಕನ್ಸಲ್ಟೆಂಟ್, ನಮ್ಮ ಸಿಬ್ಬಂದಿ ಅಲ್ಲ” ಎಂಬ ಸಬೂಬಿಗೂ ಅಲ್ಲಿಯೇ ಉತ್ತರವಿದೆ. ಸಂಬಂಧವಿಲ್ಲದ ಅರಿವಳಿಕೆ ತಜ್ಞರು, ಮ್ಯಾನೇಜರು ಎಂದೆಲ್ಲ ಸೇರಿಸಿದರೆ ನೋಟಿಸ್ ಜಾರಿಯಾಗುವುದಕ್ಕೇ ತಿಂಗಳುಗಳು ಹೋಗುತ್ತವೆ.

ದೂರಿನ ಜೀವಾಳ ದಿನಾಂಕಗಳ ಪಟ್ಟಿ. ಪ್ರತಿ ಸಾಲಿಗೆ ದಿನ, ಗಂಟೆ, ಏನಾಯಿತು, ಯಾವ ದಾಖಲೆಯ ಎಷ್ಟನೇ ಪುಟ. “ಅಮಾನವೀಯ”, “ಹಣದಾಸೆ” ಎಂಬಂಥ ಮಾತುಗಳನ್ನು ಬಿಡಿ. ಮಾಡಬೇಕಿದ್ದ ಯಾವ ಕೆಲಸ ಮಾಡಲಿಲ್ಲ, ಅದರಿಂದ ಯಾವ ಹಾನಿ, ಇದಿಷ್ಟನ್ನು ಹೆಸರಿಸಿ. ಭಾರತದ ನ್ಯಾಯಾಲಯಗಳು ಇನ್ನೂ 1957ರ ಬೋಲಂ ಮಾನದಂಡವನ್ನೇ ಮುಖ್ಯವಾಗಿ ಅನುಸರಿಸುತ್ತವೆ: ಅದೇ ಕ್ಷೇತ್ರದ ಸಾಧಾರಣ ಕೌಶಲದ ಡಾಕ್ಟರ್ ಒಬ್ಬರು ಹೀಗೆ ಮಾಡುತ್ತಿದ್ದರೇ? ಜ್ವರ, ಉಬ್ಬರ, ವಾಂತಿ ಇದ್ದವರಿಗೆ ಒಂದು ರಕ್ತ ಪರೀಕ್ಷೆಯನ್ನೂ ಮಾಡದೆ ಕಳಿಸುವುದನ್ನು ಈ ಮಾನದಂಡದಡಿ ಸಮರ್ಥಿಸಲು ಅವರಿಗೊಬ್ಬ ತಜ್ಞ ಬೇಕು. ಆ ತಜ್ಞ ಸುಲಭವಾಗಿ ಸಿಗುವುದಿಲ್ಲ.

ನಿಮ್ಮ ಕಡೆಯ ತಜ್ಞರ ಅಭಿಪ್ರಾಯ ಪ್ರತಿ ಕೇಸಿಗೂ ಕಡ್ಡಾಯವೇನಲ್ಲ, 2010ರ ವಿ. ಕಿಶನ್ ರಾವ್ ತೀರ್ಪು ಹಾಗೆ ಹೇಳಿದೆ. ತಪ್ಪು ಕಾಲಿಗೆ ಆಪರೇಷನ್, ಹೊಟ್ಟೆಯಲ್ಲಿ ಬಟ್ಟೆ, ಇಂಥವು ತಾವೇ ಮಾತಾಡುತ್ತವೆ. ನಿಮ್ಮದು ಹಾಗಲ್ಲ, ಅಭಿಪ್ರಾಯ ಬೇಕೇ ಬೇಕು. ಸ್ಥಳೀಯವಾಗಿ ಯಾರೂ ಒಪ್ಪದಿದ್ದರೆ, ಸರ್ಕಾರಿ ಮೆಡಿಕಲ್ ಕಾಲೇಜಿನ ಮಂಡಳಿಗೆ ಒಪ್ಪಿಸುವಂತೆ ಆಯೋಗಕ್ಕೆ ಅರ್ಜಿ ಹಾಕಿ. ಆಗ ಪ್ರಶ್ನೆಗಳನ್ನು ನೀವೇ ಬರೆದುಕೊಡಿ. “ನಿರ್ಲಕ್ಷ್ಯ ಆಗಿದೆಯೇ?” ಎಂದು ಕೇಳಿದರೆ “ಇಲ್ಲ” ಎಂಬ ಒಂದು ಪದ ಬಂದು ಕೇಸ್ ಅಲ್ಲಿಗೇ ನಿಲ್ಲುತ್ತದೆ. “ಕ್ಲಿಪ್ ಹಾಕುವ ಮುಂಚೆ ರಚನೆಗಳನ್ನು ಗುರುತಿಸಿದ ಬಗ್ಗೆ ಓಟಿ ನೋಟ್ಸಿನಲ್ಲಿ ಏನು ದಾಖಲಾಗಿದೆ? ಮೂರನೇ ದಿನದ ಲಕ್ಷಣಗಳಿಗೆ ಯಾವ ಪರೀಕ್ಷೆ ಅಗತ್ಯವಿತ್ತು, ಅದನ್ನು ಮಾಡಲಾಗಿದೆಯೇ? ಮಾಡಿದ್ದರೆ ಎಷ್ಟು ದಿನ ಮುಂಚೆ ಗೊತ್ತಾಗುತ್ತಿತ್ತು?” ಹೀಗೆ ಕೇಳಿ.

ಕನ್ಸೆಂಟ್ ಬಗ್ಗೆ. ಸಹಿ ಹಾಕಿದ್ದು ಆಪರೇಷನ್ನಿಗೆ, ಅಜಾಗರೂಕತೆಗೆ ಅಲ್ಲ. ಜೊತೆಗೆ ಆ ಫಾರಂ ಯಾವ ಭಾಷೆಯಲ್ಲಿದೆ, ಪಿತ್ತನಾಳದ ಪೆಟ್ಟಿನ ಮಾತು ಅದರಲ್ಲಿದೆಯೇ, ಸಹಿ ಯಾರದು, ಎಷ್ಟು ಗಂಟೆಗೆ ಎಂದು ನೋಡಿ. ರೋಗಿ ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದದ್ದನ್ನು ಸುಪ್ರೀಂ ಕೋರ್ಟ್ 2008ರಲ್ಲಿ (ಸಮೀರಾ ಕೊಹ್ಲಿ ಪ್ರಕರಣ) ಒಪ್ಪಲಿಲ್ಲ. ವಯಸ್ಕ, ಸ್ವಸ್ಥಚಿತ್ತ ರೋಗಿಯ ಒಪ್ಪಿಗೆ ಅವರದ್ದೇ ಆಗಿರಬೇಕು.

ಪರಿಹಾರದ ಲೆಕ್ಕವನ್ನು ಬಿಡಿಬಿಡಿಯಾಗಿ ಹಾಕಿ: ಎರಡನೇ ಆಸ್ಪತ್ರೆಯ ಖರ್ಚು, ಮುಂದಿನ ತಪಾಸಣೆಗಳು (ಜೋಡಿಸಿದ ನಾಳ ವರ್ಷಗಳ ನಂತರವೂ ಕಿರಿದಾಗಬಹುದು, ಅದಕ್ಕೆ ಸರ್ಜನ್ನರ ಪತ್ರ ಬೇಕು), ಓಡಾಟ, ಆರೈಕೆಗೆ ನಿಂತವರ ಕೂಲಿ ನಷ್ಟ, ಹೊಲಿಗೆಯ ಆದಾಯ, ಮನೆಕೆಲಸದ ಮೌಲ್ಯ, ನೋವು. ಹೊಲಿಗೆಗೆ ರಸೀದಿ ಇರುವುದಿಲ್ಲ; ಗಿರಾಕಿಗಳ ಫೋನ್‌ಪೇ ಜಮೆ, ಅಳತೆ ಪುಸ್ತಕ, ಇಬ್ಬರು ಗಿರಾಕಿಗಳ ಅಫಿಡವಿಟ್ ಸಾಕಾಗುತ್ತದೆ.

ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. 45 ದಾಟಿದರೆ ಸ್ವೀಕರಿಸುವಂತಿಲ್ಲ ಎಂದು 2020ರಲ್ಲಿ ಸಂವಿಧಾನ ಪೀಠವೇ ಹೇಳಿದೆ, ದಿನ ಎಣಿಸುತ್ತಿರಿ. ಮೂರು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ವರ್ಷಗಳು ಹಿಡಿಯುತ್ತವೆ ಎಂದೇ ಸಿದ್ಧರಾಗಿ.

ವಕೀಲರ ಫೀಸಿನ ಚಿಂತೆ ಇದ್ದರೆ: ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಸೆಕ್ಷನ್ನಿನಡಿ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ಒಂದು ಅರ್ಜಿ ಸಾಕು.

---

ಹೊಳೆಸಾಲು

ಎಲ್ಲರಿಗೂ ಧನ್ಯವಾದ. ಪತ್ರ ಇವತ್ತೇ ಹೋಗುತ್ತದೆ. ಇನ್ನೆರಡು ಕೇಳಬೇಕಿತ್ತು. ಆಸ್ಪತ್ರೆಯವರು ಮಧ್ಯಸ್ಥರೊಬ್ಬರ ಮೂಲಕ ₹2 ಲಕ್ಷ ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಮನೆಯ ಹುಡುಗರು ಅದೆಲ್ಲ ಬೇಡ, ಎಫ್‌ಐಆರ್ ಮಾಡಿಸಿ ಡಾಕ್ಟರನ್ನು ಒಳಗೆ ಹಾಕಿಸೋಣ ಎಂದು ಹಟ ಹಿಡಿದಿದ್ದಾರೆ.

---

ಆಯೋಗದಂಗಳ

ಆ ಕಾಗದದಲ್ಲಿ “ಪೂರ್ಣ ಮತ್ತು ಅಂತಿಮ ತೀರುವಳಿ, ಮುಂದೆ ಯಾವುದೇ ಪ್ರಾಧಿಕಾರದಲ್ಲಿ ದೂರು ಕೊಡುವುದಿಲ್ಲ” ಎಂಬ ಸಾಲು ಇದ್ದೇ ಇರುತ್ತದೆ. ₹7 ಲಕ್ಷ ಖರ್ಚಾಗಿರುವಾಗ ₹2 ಲಕ್ಷಕ್ಕೆ ಆ ಸಾಲಿಗೆ ಸಹಿ ಹಾಕಿಸಬೇಡಿ. ಫೈಲ್ ಕೈಗೆ ಬರುವವರೆಗೆ ಯಾವ ಮೊತ್ತದ ಮಾತೂ ಬೇಡ. ತಪ್ಪಿನ ಅಳತೆ ಗೊತ್ತಿಲ್ಲದೆ ಬೆಲೆ ಕಟ್ಟಲು ಬರುವುದಿಲ್ಲ. ಮಾತುಕತೆ ಬೇಕೇ ಆದರೆ ಜಾಗ ಆರಿಸಿಕೊಳ್ಳಿ. ಸಾವು ಅಥವಾ ತೀವ್ರ ಗಾಯದ ವೈದ್ಯಕೀಯ ನಿರ್ಲಕ್ಷ್ಯ ಪ್ರಕರಣಗಳನ್ನು ಗ್ರಾಹಕರ ಆಯೋಗ ಮಧ್ಯಸ್ಥಿಕೆಗೆ ಕಳಿಸುವಂತಿಲ್ಲ ಎಂದು 2020ರ ನಿಯಮಗಳಿವೆ. ಇನ್ನೊಂದು ಜಾಗ ಖಾಯಂ ಲೋಕ ಅದಾಲತ್. ಆಸ್ಪತ್ರೆ ಸೇವೆ 1987ರ ಕಾಯ್ದೆಯ 22-ಎ ಪ್ರಕಾರ ಸಾರ್ವಜನಿಕ ಉಪಯುಕ್ತ ಸೇವೆ, ಮಿತಿ ₹1 ಕೋಟಿ. ರಾಜಿ ಆಗದಿದ್ದರೆ ಅದೇ ಅದಾಲತ್ ತೀರ್ಪು ಕೊಡಬಹುದು, ಮೇಲ್ಮನವಿ ಇಲ್ಲ. ಅಲ್ಲಿ ಅರ್ಜಿ ಹಾಕಿದ ಮೇಲೆ ಅದೇ ವ್ಯಾಜ್ಯವನ್ನು ಬೇರೆ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ ಎಂಬುದನ್ನು ಚೆನ್ನಾಗಿ ಯೋಚಿಸಿಯೇ ಹೆಜ್ಜೆ ಇಡಿ.

ಪೊಲೀಸ್ ವಿಷಯ. ಹುಡುಗರ ಸಿಟ್ಟು ಅರ್ಥವಾಗುತ್ತದೆ, ಆದರೆ ದಾರಿ ಕಿರಿದು. ಜೇಕಬ್ ಮ್ಯಾಥ್ಯೂ ತೀರ್ಪಿನ (2005) ಪ್ರಕಾರ ಕ್ರಿಮಿನಲ್ ಹೊಣೆಗೆ ಘೋರ ಸ್ವರೂಪದ ನಿರ್ಲಕ್ಷ್ಯ ಬೇಕು. ಮುಂದುವರಿಯುವ ಮೊದಲು ತನಿಖಾಧಿಕಾರಿ ಅದೇ ಕ್ಷೇತ್ರದ ಸ್ವತಂತ್ರ ವೈದ್ಯರ, ಆದಷ್ಟೂ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ದೂರು ಬಂತೆಂದು ಮಾಮೂಲಿಯಾಗಿ ಬಂಧಿಸುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ (ನಿರ್ಲಕ್ಷ್ಯದಿಂದಾದ ಸಾವು) ಸಾವಿಗೆ ಮಾತ್ರ ಅನ್ವಯ. ನಿಮ್ಮ ಪ್ರಕರಣಕ್ಕೆ 125 (ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ, ಗಾಯ) ಬರಬಹುದು. ಸರಿಯಾಗಿ ಪ್ರಶ್ನೆ ಕೇಳದೆ ತರಿಸಿದ ಮಂಡಳಿ ವರದಿ “ನಿರ್ಲಕ್ಷ್ಯ ಕಂಡುಬಂದಿಲ್ಲ” ಎಂದು ಬಂದರೆ, ಅದನ್ನೇ ಆಯೋಗದಲ್ಲಿ ನಿಮ್ಮ ವಿರುದ್ಧ ಹಾಜರುಪಡಿಸುತ್ತಾರೆ. ಫೈಲ್ ತಿದ್ದಿರುವುದು ಸ್ಪಷ್ಟವಾಗಿ ಕಂಡರೆ ಮಾತ್ರ ಲೆಕ್ಕ ಬೇರೆ. ಇನ್ನು ಆಸ್ಪತ್ರೆಗೆ ನುಗ್ಗಿ ಗಲಾಟೆ ಮಾಡುವ ಯೋಚನೆ ಯಾರಿಗಿದ್ದರೂ ಈಗಲೇ ತಡೆಯಿರಿ. ವೈದ್ಯ ಸಿಬ್ಬಂದಿ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆ ಇದೆ, ಜಾಮೀನುರಹಿತ ಅಪರಾಧ.

---

ನ್ಯಾಯದಾರಿ (ಉತ್ತರ)

ಮೆಡಿಕಲ್ ಕೌನ್ಸಿಲ್ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತು ಪರಿಹಾರ ಕೊಡಿಸುವುದಿಲ್ಲ. ಎಚ್ಚರಿಕೆ ಕೊಡಬಹುದು, ಇಷ್ಟು ಕಾಲ ಎಂದು ನೋಂದಣಿಯಿಂದ ಹೆಸರು ತೆಗೆಯಬಹುದು. ಆರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು 2002ರ ನಿಯಮ. ಅಲ್ಲಿ ಕುಳಿತವರೂ ಡಾಕ್ಟರುಗಳೇ ಎಂದು ಕೈಬಿಡಬೇಡಿ: ಸರ್ಜನ್ ಅಲ್ಲಿ ಕೊಡುವ ಲಿಖಿತ ವಿವರಣೆ ಆಯೋಗದ ಕೇಸಿಗೂ ಸಾಕ್ಷ್ಯವಾಗುತ್ತದೆ. ಎರಡು ಕಡೆ ಎರಡು ಥರ ಹೇಳಿದರೆ ಎದ್ದು ಕಾಣುತ್ತದೆ. ಆದರೆ ಕೌನ್ಸಿಲ್ ತೀರ್ಮಾನಕ್ಕೆ ಕಾದು ಎರಡು ವರ್ಷದ ಗಡುವು ಕಳೆದುಕೊಳ್ಳಬೇಡಿ; ಅಲ್ಲಿ ದೂರು ಬಾಕಿ ಇದೆ ಎಂದು ಗಡುವು ನಿಲ್ಲುವುದಿಲ್ಲ. ದಾಖಲೆ ಕೊಡದ ವಿಷಯಕ್ಕೆ, ಬಿಲ್ ತಕರಾರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಪ್ರಾಧಿಕಾರಕ್ಕೂ ಬರೆಯಬಹುದು, ಅರ್ಜಿ ಕೊಡಬೇಕಾದದ್ದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ.

ಈ ಪ್ರಶ್ನೆಯನ್ನು ಬೇರೆಯವರೂ ಓದುತ್ತಾರಲ್ಲ, ಅವರಿಗಾಗಿ ಎರಡು ವಿಷಯ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕರ ಆಯೋಗದ ಬಾಗಿಲು ತೆರೆಯುವುದಿಲ್ಲ. ನೋಂದಣಿಗೆ ಕೊಟ್ಟ ಚಿಲ್ಲರೆ ಹಣ ಶುಲ್ಕ ಎನಿಸುವುದಿಲ್ಲ. ಇಎಸ್‌ಐ ಆಸ್ಪತ್ರೆ ಮಾತ್ರ ಬೇರೆ, ಅದು ವಂತಿಗೆಯಿಂದ ನಡೆಯುವುದರಿಂದ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು 2007ರಲ್ಲೇ ತೀರ್ಪಾಗಿದೆ. ಸರ್ಕಾರಿ ಆಸ್ಪತ್ರೆಯ ವಿರುದ್ಧ ಸಿವಿಲ್ ದಾವೆ ಹೂಡಬಹುದು, ಅದಕ್ಕೂ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಎರಡು ತಿಂಗಳ ನೋಟಿಸ್ ಕೊಡಬೇಕು. ನಡೆದದ್ದರ ಬಗ್ಗೆ ತಕರಾರೇ ಇಲ್ಲದಂಥ ಪ್ರಕರಣಗಳಲ್ಲಿ ಹೈಕೋರ್ಟಿಗೆ ರಿಟ್ ಹಾಕಿ ಪರಿಹಾರ ಕೇಳಬಹುದು. ಸರ್ಕಾರಿ ಆಸ್ಪತ್ರೆಯ ದಾಖಲೆಯನ್ನು ಮಾಹಿತಿ ಹಕ್ಕಿನಡಿ ಕೇಳಿ: ಮಾಮೂಲಿ ಗಡುವು 30 ದಿನ, ರೋಗಿಯ ಜೀವದ ಪ್ರಶ್ನೆಯಾದರೆ 48 ಗಂಟೆ.

ಸಾವಾದ ಪ್ರಕರಣವಾದರೆ ಮರಣೋತ್ತರ ಪರೀಕ್ಷೆಯ ನಿರ್ಧಾರ ಆ ಕೆಲವೇ ಗಂಟೆಗಳಲ್ಲಿ ಆಗಬೇಕು. ದುಃಖದಲ್ಲಿ ಅದನ್ನು ಬೇಡವೆಂದವರಿಗೆ ಮುಂದೆ ಸಾವಿನ ಕಾರಣವನ್ನೇ ಸಾಬೀತು ಮಾಡಲಾಗದ ಸ್ಥಿತಿ ಬರುತ್ತದೆ. ಆಸ್ಪತ್ರೆ “ಹೃದಯ ಸ್ತಂಭನ” ಎಂದು ಬರೆದುಕೊಟ್ಟ ಮರಣ ಪ್ರಮಾಣಪತ್ರದ ಎದುರು ಬೇರೇನೂ ಉಳಿದಿರುವುದಿಲ್ಲ. ಅನುಮಾನವಿದ್ದರೆ ಠಾಣೆಗೆ ಲಿಖಿತವಾಗಿ ತಿಳಿಸಿ, ನಾಗರಿಕ ಸುರಕ್ಷಾ ಸಂಹಿತೆಯ 194ರಡಿ ಪಂಚನಾಮೆ ಮಾಡಿಸಿ, ಆ ಆಸ್ಪತ್ರೆಗೆ ಸಂಬಂಧವಿಲ್ಲದ ಸರ್ಕಾರಿ ಶವಾಗಾರದಲ್ಲಿ ಪರೀಕ್ಷೆ ಆಗುವಂತೆ ಕೇಳಿ. ರಾಸಾಯನಿಕ ಪರೀಕ್ಷೆಗೆ ಅಂಗಾಂಶ ಕಳಿಸಿದ್ದಾರೆಯೇ ಎಂದು ವಿಚಾರಿಸಿ, ಅದರ ವರದಿ ಬರುವವರೆಗೂ ಠಾಣೆಯ ಬೆನ್ನು ಬಿಡಬೇಡಿ.